ಪಂಪ್‌ಸೆಟ್ ಬಿಲ್ ಸೊನ್ನೆ. ಆದ್ರೂ ಕರೆಂಟ್ ದರದ ಹೊರೆ ಹೊಲಕ್ಕೆ ಬಂದದ್ದು ಹೇಗೆ?

ಗುಳೇದಗುಡ್ಡ: ಕರೆಂಟ್ ದರ ಏರಿತು ಅಂತ ಸುದ್ದಿ ಬಂದಾಗಲೆಲ್ಲ ಪೇಟೆಯಲ್ಲಿ ಒಂದು ಮಾತು ಕೇಳಿಬರುತ್ತದೆ: ರೈತರಿಗೇನ್ ಬಿಡ್ರಿ, ಅವರಿಗೆ ಫ್ರೀ ಐತಿ. ಬಿಲ್ಲಿನ ಮಟ್ಟಿಗೆ ಈ ಮಾತು ಸುಳ್ಳಲ್ಲ. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ 2008ರಿಂದ ರಾಜ್ಯ ಸರ್ಕಾರ ಉಚಿತ ವಿದ್ಯುತ್ ಕೊಡುತ್ತಿದೆ. ಯೂನಿಟ್ ದರ ಎಷ್ಟೇ ಏರಿದರೂ ಈ ಸಾಲಿನ ರೈತರ ಕೈಗೆ ಬಿಲ್ ಬರುವುದಿಲ್ಲ.

ಆದರೆ ಬಿಲ್ ಬರಲಿಲ್ಲ ಅಂದ ಮಾತ್ರಕ್ಕೆ ಖರ್ಚು ಬರಲಿಲ್ಲ ಅಂತಲ್ಲ. ಹೊಸ ಸಂಪರ್ಕದ ಖರ್ಚು, ಬೋರಿನ ಆಳ, ಕರೆಂಟ್ ಬರುವ ಹೊತ್ತು, ಟಿಸಿ ಸುಟ್ಟಾಗಿನ ಕಾಯುವಿಕೆ, ಹಿಟ್ಟಿನ ಗಿರಣಿ ರೇಟು, ಹೀಗೆ ಬೇರೆ ಬೇರೆ ದಾರಿಯಲ್ಲಿ ದುಬಾರಿ ಕರೆಂಟ್ ಹೊಲಕ್ಕೆ ಬಂದೇ ಬರುತ್ತಿದೆ. ಬಿಲ್ಲಿನಲ್ಲಿ ಕಾಣದ ಕಾರಣ ಇದರ ಬಗ್ಗೆ ಚರ್ಚೆಯೂ ಕಡಿಮೆ.

ದರ ಏರಿದ್ದು ಎಷ್ಟು?

ನಮ್ಮ ಜಿಲ್ಲೆಗೆ ಕರೆಂಟ್ ಕೊಡುವುದು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ಹೆಸ್ಕಾಂ. ದರ ನಿಗದಿ ಮಾಡುವುದು ಮಾತ್ರ ಹೆಸ್ಕಾಂ ಅಲ್ಲ, ಸರ್ಕಾರವೂ ಅಲ್ಲ. ಅದು ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ ಕೆಲಸ. 2023ರ ಮೇ ತಿಂಗಳಲ್ಲಿ ಆಯೋಗ ಯೂನಿಟ್‌ಗೆ ಸರಾಸರಿ 70 ಪೈಸೆ ಏರಿಸಿತು. ಏಪ್ರಿಲ್ 1ರಿಂದಲೇ ಅನ್ವಯ ಅಂದಿದ್ದರಿಂದ ಜೂನ್ ಬಿಲ್ಲಿನಲ್ಲಿ ಹಿಂದಿನ ಬಾಕಿಯೂ ಸೇರಿ ಬಂತು. ಆಗ ಅಂಗಡಿಕಾರರು, ಸಣ್ಣ ಉದ್ದಿಮೆದಾರರು ಬೀದಿಗಿಳಿದಿದ್ದು ನೆನಪಿರಬಹುದು.

2025ರ ಮಾರ್ಚ್‌ನಲ್ಲಿ ಆಯೋಗ ಒಮ್ಮೆಲೇ ಮೂರು ವರ್ಷದ ದರ ಆದೇಶ ಹೊರಡಿಸಿತು. ಇದರ ಜತೆಗೆ ಕೆಪಿಟಿಸಿಎಲ್ ಮತ್ತು ಎಸ್ಕಾಂ ನೌಕರರ ಪಿಂಚಣಿ, ಗ್ರಾಚ್ಯುಟಿ ವಂತಿಗೆ ಅಂತ ಹೊಸ ಸರ್ಚಾರ್ಜ್ ಸೇರಿತು. 2025-26ರಲ್ಲಿ ಯೂನಿಟ್‌ಗೆ 36 ಪೈಸೆ, 2026-27ರಲ್ಲಿ 35 ಪೈಸೆ, 2027-28ರಲ್ಲಿ 34 ಪೈಸೆ. ತಿಂಗಳಿಗೆ 200 ಯೂನಿಟ್ ಉರಿಸುವ ಅಂಗಡಿಗೆ ಈ 36 ಪೈಸೆಯಿಂದ 72 ರೂಪಾಯಿ, 600 ಯೂನಿಟ್ ಓಡಿಸುವ ಗಿರಣಿಗೆ 216 ರೂಪಾಯಿ. ನಿಗದಿತ ಶುಲ್ಕ, ಇಂಧನ ಹೊಂದಾಣಿಕೆ ಶುಲ್ಕ ಬೇರೆ.

ಫ್ರೀ ಕರೆಂಟಿನ ಬಿಲ್ ಯಾರು ಕಟ್ತಾರೆ?

ಪಂಪ್‌ಸೆಟ್ ಕರೆಂಟಿಗೂ ಆಯೋಗ ದರ ನಿಗದಿ ಮಾಡಿರುತ್ತದೆ. ಆ ಹಣವನ್ನು ರೈತರ ಬದಲು ರಾಜ್ಯ ಸರ್ಕಾರ ಎಸ್ಕಾಂಗಳಿಗೆ ಸಹಾಯಧನವಾಗಿ ಕಟ್ಟುತ್ತದೆ. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಪಂಪ್‌ಸೆಟ್‌ಗಳಿದ್ದು, ಇದಕ್ಕೆ ವರ್ಷಕ್ಕೆ 10 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಹಣ ಬೇಕು. 2023ರಿಂದ ಮನೆಗಳಿಗೆ ಗೃಹಜ್ಯೋತಿ ಬಂತು. ಅದೇ ವರ್ಷದ ಜುಲೈ ಬಜೆಟ್‌ನಲ್ಲಿ 10 ಎಚ್‌ಪಿವರೆಗಿನ ವಿದ್ಯುತ್ ಮಗ್ಗಗಳಿಗೆ ತಿಂಗಳಿಗೆ 250 ಯೂನಿಟ್‌ವರೆಗೆ ಉಚಿತ ಅಂತ ಘೋಷಣೆಯಾಯಿತು. ಖಣಕ್ಕೆ ಹೆಸರಾದ, ಒಂದು ಕೈ ಮಗ್ಗದ ಮೇಲೆ ಇನ್ನೊಂದು ಕೈ ಹೊಲದ ಮೇಲೆ ಇಟ್ಟು ಬದುಕುವ ನಮ್ಮಂಥ ಊರಿಗೆ ಇವೆಲ್ಲ ಆಸರೆಯೇ. ಆದರೆ ಎಲ್ಲವೂ ಒಂದೇ ಖಜಾನೆಯಿಂದ ಬರಬೇಕು.

ಇಲ್ಲೇ ರೈತರು ಗಮನಿಸಬೇಕಾದ ಅಂಶವಿದೆ. 2003ರ ವಿದ್ಯುತ್ ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ, ಯಾರಿಗಾದರೂ ಸಹಾಯಧನ ಕೊಡುವ ಸರ್ಕಾರ ಅದರ ಹಣವನ್ನು ಮುಂಗಡವಾಗಿ ಕಟ್ಟಬೇಕು. ಸರ್ಕಾರ ಮುಂಗಡ ಕೊಡದಿದ್ದರೆ ಪಂಪ್‌ಸೆಟ್ ಗ್ರಾಹಕರಿಂದಲೇ ದರ ವಸೂಲಿ ಮಾಡಬಹುದು ಅಂತ ಕೆಇಆರ್‌ಸಿ ದರ ಆದೇಶಗಳಲ್ಲೂ ಬರೆದಿರುತ್ತದೆ. ಇದುವರೆಗೆ ಯಾವ ಸರ್ಕಾರವೂ ಹಾಗೆ ಆಗಲು ಬಿಟ್ಟಿಲ್ಲ. ಆದರೆ ಉಚಿತ ಅನ್ನುವುದು ಪ್ರತಿ ವರ್ಷದ ಬಜೆಟ್ ಮೇಲೆ ನಿಂತಿದೆ ಅನ್ನುವುದು ನಿಜ. ಯೂನಿಟ್ ದರ ಏರಿದಷ್ಟೂ ಸರ್ಕಾರ ಕಟ್ಟಬೇಕಾದ ಗಂಟು ದೊಡ್ಡದಾಗುತ್ತದೆ.

ಒಂದು ಲೆಕ್ಕ ನೋಡಿ. 10 ಎಚ್‌ಪಿ ಮೋಟರ್ ಅಂದರೆ ಸುಮಾರು 7.5 ಕಿಲೋವ್ಯಾಟ್. ದಿನಕ್ಕೆ 7 ತಾಸು ಓಡಿದರೆ ಕಾಗದದ ಲೆಕ್ಕದಲ್ಲೇ 52 ಯೂನಿಟ್ ಆಗುತ್ತದೆ. ಯೂನಿಟ್‌ಗೆ 7 ರೂಪಾಯಿ ಅಂತ ಹಿಡಿದರೂ ದಿನಕ್ಕೆ 364 ರೂಪಾಯಿ. ನಾಲ್ಕು ತಿಂಗಳ ಬೆಳೆಗೆ 43 ಸಾವಿರ ದಾಟುತ್ತದೆ. ಉಳ್ಳಾಗಡ್ಡಿ ರೇಟು ಬಿದ್ದ ವರ್ಷ ಬೀಜ, ಗೊಬ್ಬರ, ಆಳಿನ ಪಗಾರ ಕಳೆದ ಮೇಲೆ ಇಷ್ಟು ಹಣ ಯಾವ ರೈತರ ಕೈಯಲ್ಲೂ ಉಳಿಯುವುದಿಲ್ಲ. ಪಂಪ್‌ಸೆಟ್ ಆರ್‌ಆರ್ ನಂಬರಿಗೆ ಆಧಾರ್ ಜೋಡಿಸಿ ಅಂದಾಗ ರೈತ ಸಂಘಟನೆಗಳು ವಿರೋಧಿಸಿದ್ದು ಇದೇ ಭಯದಿಂದ. ಇವತ್ತು ಆಧಾರ್, ನಾಳೆ ಮೀಟರ್, ನಾಡಿದ್ದು ಬಿಲ್ ಅನ್ನೋದು ಅವರ ಅನುಮಾನ. ಉಚಿತ ವಿದ್ಯುತ್ ನಿಲ್ಲಿಸುವುದಿಲ್ಲ ಅಂತ ಸರ್ಕಾರ ಹೇಳಿದರೂ ಅನುಮಾನ ಪೂರ್ತಿ ಹೋಗಿಲ್ಲ.

10 ಎಚ್‌ಪಿ ಅನ್ನೋ ಗೆರೆ

ಉಚಿತ ವಿದ್ಯುತ್ತಿಗೆ 10 ಎಚ್‌ಪಿ ಗೆರೆ ಇದೆ. ಆ ಗೆರೆ 2008ರಲ್ಲಿ ಎಲ್ಲಿತ್ತೋ ಇವತ್ತೂ ಅಲ್ಲೇ ಇದೆ. ಬೋರಿನ ನೀರು ಮಾತ್ರ ಅಲ್ಲೇ ನಿಂತಿಲ್ಲ. ಮಲಪ್ರಭಾ ದಂಡೆಯ ಆಸಂಗಿ, ಲಾಯದಗುಂದಿ ಕಡೆ ನದಿಯಿಂದ ನೀರೆತ್ತುವವರ ಕಥೆ ಬೇರೆ. ಗುಡ್ಡದ ಸೆರಗಿನ ಹೊಲಗಳಲ್ಲಿ ಬೋರೇ ಗತಿ. ನೀರು ಕೆಳಗೆ ಹೋದಂತೆ ಪೈಪು ಉದ್ದವಾಗುತ್ತದೆ, ಸಣ್ಣ ಮೋಟರ್ ಎತ್ತುವುದಿಲ್ಲ, ದೊಡ್ಡದು ಬೇಕಾಗುತ್ತದೆ. 12.5 ಅಥವಾ 15 ಎಚ್‌ಪಿಗೆ ಮಂಜೂರಾತಿ ಪಡೆದರೆ ಉಚಿತದ ಸಾಲಿನಿಂದ ಹೊರಗೆ. ನಿಗದಿತ ಶುಲ್ಕ, ಯೂನಿಟ್ ದರ ಎರಡನ್ನೂ ರೈತರೇ ಕಟ್ಟಬೇಕು. ಹೆಚ್ಚು ಆಳದ ಬೋರ್ ಇರುವವರು ನೀರಿಗಾಗಿ ಮೊದಲೇ ಹೆಚ್ಚು ಸಾಲ ಮಾಡಿದವರು. ದರ ಏರಿಕೆ ನೇರವಾಗಿ ತಟ್ಟುವುದೂ ಅವರಿಗೇ.

ಮಂಜೂರಾದದ್ದು ಒಂದು, ಕೂಡಿಸಿದ ಮೋಟರ್ ಇನ್ನೊಂದು ಆದರೆ ಟಿಸಿ ಮೇಲೆ ಲೋಡ್ ಬೀಳುತ್ತದೆ, ವೋಲ್ಟೇಜ್ ಇಳಿಯುತ್ತದೆ. ಆ ಟಿಸಿ ಮೇಲಿರುವ ಎಲ್ಲರ ಮೋಟರಿಗೂ ಪೆಟ್ಟು. ವೈಂಡಿಂಗ್ ಸುಟ್ಟರೆ ಮೋಟರ್ ಮೇಲೆತ್ತುವ ಕೂಲಿ, ರಿಪೇರಿ, ಮತ್ತೆ ಇಳಿಸುವ ಕೂಲಿ. ಇದು ಯಾವ ಬಿಲ್ಲಿನಲ್ಲೂ ಬರದ ಕರೆಂಟ್ ಖರ್ಚು.

ಹೊಸ ಸಂಪರ್ಕ ಈಗ ದುಬಾರಿ

ಮೊದಲು ಅಕ್ರಮ ಸಕ್ರಮ ಯೋಜನೆಯಲ್ಲಿ 10 ಸಾವಿರ ರೂಪಾಯಿ ಮತ್ತು ಡಿಪಾಸಿಟ್ ಕಟ್ಟಿದರೆ ಕಂಬ, ತಂತಿ, ಟಿಸಿ ಎಲ್ಲ ಸರ್ಕಾರದ ಖರ್ಚಿನಲ್ಲೇ ಆಗುತ್ತಿತ್ತು. 2023ರ ಸೆಪ್ಟೆಂಬರ್ 22ರ ನಂತರ ಈ ಬಾಗಿಲು ಮುಚ್ಚಿತು. ಅದಕ್ಕೂ ಮುಂಚೆ ಅರ್ಜಿ ಹಾಕಿದವರನ್ನು ಸಕ್ರಮ ಮಾಡುವುದಾಗಿ ಸರ್ಕಾರ ಹೇಳಿತು. ನಂತರದವರು ಲೈನಿನಿಂದ 500 ಮೀಟರ್ ಒಳಗಿದ್ದರೆ ಕಂಬ, ತಂತಿ, ಟಿಸಿ ಖರ್ಚನ್ನು ತಾವೇ ಹೊರಬೇಕು. 500 ಮೀಟರ್ ಆಚೆ ಇದ್ದರೆ ಸೋಲಾರ್ ಪಂಪ್ ದಾರಿ ಹಿಡಿಯಬೇಕು.

ಅಂದರೆ ಇವತ್ತು ಹೊಸದಾಗಿ ಬೋರ್ ಕೊರೆಸಿದ ರೈತರಿಗೆ ಕರೆಂಟ್ ಫ್ರೀ, ಆದರೆ ಕರೆಂಟ್ ಹೊಲಕ್ಕೆ ಬರುವ ದಾರಿ ಫ್ರೀ ಅಲ್ಲ. ಸಣ್ಣ ಹಿಡುವಳಿದಾರರಿಗೆ ಅಷ್ಟು ಹಣ ಒಮ್ಮೆಲೇ ಹೊಂದಿಸುವುದು ಕಷ್ಟ. ಸೊಸೈಟಿ ಸಾಲ ಬೆಳೆಗೆ ಸಾಲದು, ಕಂಬಕ್ಕೆ ಎಲ್ಲಿಂದ ತರಬೇಕು? ಹಳೆಯ ಸಂಪರ್ಕ ಇದ್ದವರಿಗೂ ಹೊಸದಾಗಿ ನೀರಾವರಿಗೆ ಇಳಿದವರಿಗೂ ನಡುವೆ ಅಂತರ ಹೆಚ್ಚಾಗಿರುವುದು ಈ ಬದಲಾವಣೆಯಿಂದ.

ಸೋಲಾರಿಗೆ ಸಹಾಯಧನ ಇದೆ ಅನ್ನುವುದೂ ನಿಜ. ಕುಸುಮ್-ಬಿ ಯೋಜನೆಯಲ್ಲಿ ಕೇಂದ್ರದ್ದು ಶೇ 30, ರಾಜ್ಯದ್ದು ಶೇ 50, ರೈತರ ಪಾಲು ಶೇ 20. ಹಗಲೇ ನೀರು, ಟಿಸಿ ಕಾಟ ಇಲ್ಲ, ರಾತ್ರಿ ಹೊಲಕ್ಕೆ ಹೋಗುವ ಹಂಗಿಲ್ಲ. ಆದರೆ ಕೇಂದ್ರದ ಸಹಾಯಧನ 7.5 ಎಚ್‌ಪಿ ಪಂಪಿನ ಲೆಕ್ಕಕ್ಕೆ ಸೀಮಿತ. ಆಳದ ಬೋರಿಗೆ ಅದು ಸಾಕಾಗುತ್ತದೋ ಇಲ್ಲವೋ ಅನ್ನುವುದನ್ನು ಅರ್ಜಿ ಹಾಕುವ ಮೊದಲೇ ಬೋರಿನ ಆಳ, ನೀರಿನ ಮಟ್ಟ ತೋರಿಸಿ ಕೇಳಿಕೊಳ್ಳುವುದು ಒಳ್ಳೆಯದು.

ಏಳು ತಾಸು, ಅದೂ ಯಾವಾಗ?

ಪಂಪ್‌ಸೆಟ್‌ಗಳಿಗೆ ದಿನಕ್ಕೆ 7 ತಾಸು ತ್ರೀ ಫೇಸ್ ಕರೆಂಟ್ ಅನ್ನುವುದು ಸರ್ಕಾರದ ಮಾತು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಜಲಾಶಯ ತುಂಬಲಿಲ್ಲ, ಜಲವಿದ್ಯುತ್ ಕಡಿಮೆಯಾಯಿತು. ಆ ಅಕ್ಟೋಬರ್‌ನಲ್ಲಿ ಪಂಪ್‌ಸೆಟ್ ಕರೆಂಟ್ 5 ತಾಸಿಗೆ ಇಳಿಯಿತು. ಹೊರಗಿನಿಂದ ಕರೆಂಟ್ ಖರೀದಿಸಿ, ಉತ್ತರ ಪ್ರದೇಶ, ಪಂಜಾಬ್‌ಗಳಿಂದ ವಿನಿಮಯದ ಮೇಲೆ ತಂದು ಸಂಭಾಳಿಸಬೇಕಾಯಿತು. ಮಳೆ ಇಲ್ಲದ ವರ್ಷವೇ ಬೋರಿನ ನೀರು ಹೆಚ್ಚು ಬೇಕು, ಅದೇ ವರ್ಷ ಕರೆಂಟ್ ಕಡಿಮೆ. ಆ ವರ್ಷ ಕಲಿಸಿದ ಪಾಠ ಇಷ್ಟು: ಕರೆಂಟ್ ದುಬಾರಿಯಾದಾಗ ಫ್ರೀ ಗ್ರಾಹಕರಿಗೆ ದರ ಏರುವುದಿಲ್ಲ, ತಾಸು ಇಳಿಯುತ್ತದೆ.

ಎರಡು ತಾಸು ಕಡಿಮೆ ಅಂದರೆ ಕೇಳಲಿಕ್ಕೆ ಸಣ್ಣ ಮಾತು. ನೀರು ಹಾಯಿಸುವವರಿಗೆ ಅದು ಎರಡು ತಾಸಿನ ಮಡಿ ಒಣಗಿದಂತೆ. ಪಾಳಿ ರಾತ್ರಿ ಬಂದರೆ ಬ್ಯಾಟರಿ ಹಿಡಿದು ಕತ್ತಲಲ್ಲಿ ಹೊಲಕ್ಕೆ ಹೋಗಬೇಕು. ಹಾವು, ಚೇಳು, ಒದ್ದೆ ನೆಲದ ಮೇಲಿನ ಸ್ಟಾರ್ಟರ್, ಎಲ್ಲ ಅಪಾಯವೂ ಆಗಲೇ. ಕರೆಂಟ್ ಬರುವ ವೇಳೆ ಗೊತ್ತಿಲ್ಲದೆ ಆಟೋ ಸ್ಟಾರ್ಟರ್ ಹಾಕಿಟ್ಟರೆ ಎಲ್ಲರ ಮೋಟರೂ ಒಂದೇ ಗಳಿಗೆಗೆ ಚಾಲೂ ಆಗಿ ಟಿಸಿಗೇ ಕುತ್ತು.

ಟಿಸಿ ಸುಟ್ಟರೆ ಎಷ್ಟು ದಿನ?

ಟಿಸಿ ಸುಟ್ಟಾಗ ಗ್ರಾಮೀಣ ಭಾಗದಲ್ಲಿ 72 ಗಂಟೆ, ಪಟ್ಟಣದಲ್ಲಿ 24 ಗಂಟೆಯೊಳಗೆ ಬದಲಿಸಬೇಕು ಅನ್ನುವುದು ಕೆಇಆರ್‌ಸಿ ನಿಯಮ. ತಪ್ಪಿದರೆ ಗ್ರಾಹಕರು ಪರಿಹಾರ ಕೇಳಲೂ ಅವಕಾಶವಿದೆ. ಆದರೆ ಈ ಗಡುವು ಎಣಿಕೆಗೆ ಬರಬೇಕಾದರೆ ದೂರು ದಾಖಲಾಗಿರಬೇಕು. ಲೈನ್‌ಮನ್‌ಗೆ ಬಾಯಿಮಾತಲ್ಲಿ ಹೇಳಿ ಕಾಯುವ ಬದಲು 1912ಕ್ಕೆ ಕರೆ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಂಡರೆ ಮುಂದೆ ಕೇಳಲಿಕ್ಕೆ ಆಧಾರ ಇರುತ್ತದೆ. ಹೂ ಬಿಡುವ ಹೊತ್ತಿಗೆ ಮೂರು ದಿನದ ನೀರು ತಪ್ಪಿದರೂ ಮೆಣಸಿನಕಾಯಿ ಬೆಳೆಗೆ ಪೆಟ್ಟು ಬೀಳುತ್ತದೆ.

ಪೇಟೆಗೂ ಇದೇ ಹೊರೆ

ಇನ್ನು ಅಂಗಡಿಕಾರರ ಕಡೆ ಬರೋಣ. ವಾಣಿಜ್ಯ, ಕೈಗಾರಿಕೆ ಗ್ರಾಹಕರು ಹೆಚ್ಚು ದರ ಕೊಟ್ಟು ಉಳಿದವರ ಹೊರೆಯಲ್ಲಿ ಒಂದು ಪಾಲು ಹೊರುವ ಪದ್ಧತಿ ಹಳೆಯದು. ಇದಕ್ಕೆ ಅಡ್ಡ ಸಹಾಯಧನ ಅನ್ನುತ್ತಾರೆ. ಹಾಗಾಗಿ ನಮ್ಮ ದುಡ್ಡಲ್ಲಿ ರೈತರಿಗೆ ಫ್ರೀ ಅನ್ನುವ ಸಿಟ್ಟು ಪೇಟೆಯಲ್ಲಿದ್ದರೆ ಅದಕ್ಕೆ ಕಾರಣ ಇಲ್ಲ ಅನ್ನಲಾಗದು. ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಗಿರಣಿ, ವೆಲ್ಡಿಂಗ್ ಅಂಗಡಿ, ಮೋಟರ್ ವೈಂಡಿಂಗ್ ಅಂಗಡಿ ತಮ್ಮ ಬಿಲ್ ಏರಿಕೆಯನ್ನು ಕೂಲಿಗೆ ಸೇರಿಸುತ್ತವೆ. ಆ ಕೂಲಿ ಕೊಡುವವರು ಕೆಲವಡಿ, ಪರ್ವತಿ, ಕೋಟೆಕಲ್, ಹಂಸನೂರಿನಿಂದ ಪೇಟೆಗೆ ಬರುವ ರೈತರೇ. ಅವರ ಬೆಳೆ ಒಣಗಿದ ವರ್ಷ ಗೊಬ್ಬರದ ಅಂಗಡಿ ಉದ್ರಿ ವಸೂಲಾಗುವುದಿಲ್ಲ, ಬಟ್ಟೆ ಅಂಗಡಿ, ಬಂಗಾರದ ಅಂಗಡಿಗೆ ಗಿರಾಕಿ ಬರುವುದಿಲ್ಲ. ಹೊಲದ ಕರೆಂಟ್ ಮತ್ತು ಪೇಟೆಯ ಗಲ್ಲಾಪೆಟ್ಟಿಗೆ ಬೇರೆ ಬೇರೆ ಅಲ್ಲ.

ಈ ವ್ಯವಸ್ಥೆಯೂ ಹೀಗೇ ಇರುತ್ತದೆ ಅನ್ನಲಾಗದು. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ವಿದ್ಯುತ್ ತಿದ್ದುಪಡಿ ಮಸೂದೆಯ ಕರಡಿನಲ್ಲಿ, ತಯಾರಿಕಾ ಉದ್ಯಮ, ರೈಲ್ವೆ, ಮೆಟ್ರೊಗಳ ಮೇಲಿನ ಅಡ್ಡ ಸಹಾಯಧನವನ್ನು ಐದು ವರ್ಷದೊಳಗೆ ತೆಗೆಯುವ ಪ್ರಸ್ತಾಪವಿತ್ತು. ದೊಡ್ಡ ಗ್ರಾಹಕರು ಹೊರುತ್ತಿದ್ದ ಪಾಲು ಇಳಿದರೆ ಅದನ್ನು ಒಂದೋ ರಾಜ್ಯದ ಖಜಾನೆ ಹೊರಬೇಕು, ಇಲ್ಲವೇ ಉಳಿದ ಗ್ರಾಹಕರು. ಉಳಿದ ಗ್ರಾಹಕರು ಅಂದರೆ ಸಣ್ಣ ಅಂಗಡಿ, ಗಿರಣಿ, ಮನೆಗಳು.

ಕೇಳಬೇಕಾದ್ದು ಏನು?

ಹಾಗಾದರೆ ರೈತರು ಮತ್ತು ಅಂಗಡಿಕಾರರು ಒಬ್ಬರನ್ನೊಬ್ಬರು ದೂರುವುದರಿಂದ ಯಾರಿಗೂ ಲಾಭವಿಲ್ಲ. ಇಬ್ಬರೂ ಕೂಡಿ ಕೇಳಬಹುದಾದ ಬೇಡಿಕೆಗಳಿವೆ. ಯಾವ ಫೀಡರಿಗೆ ಯಾವ ವಾರ ಯಾವ ಹೊತ್ತಿಗೆ ತ್ರೀ ಫೇಸ್ ಅನ್ನುವ ಪಟ್ಟಿಯನ್ನು ಪಂಚಾಯತಿ ಗೋಡೆಗೆ ಹಚ್ಚಬೇಕು. ಆದಷ್ಟು ಹಗಲು ಪಾಳಿ ಕೊಡಬೇಕು. 2023ರ ಸೆಪ್ಟೆಂಬರ್‌ಗೆ ಮುಂಚಿನ ಅಕ್ರಮ ಸಕ್ರಮ ಅರ್ಜಿಗಳಲ್ಲಿ ತಾಲ್ಲೂಕಿನವು ಎಷ್ಟು ಬಾಕಿ ಇವೆ ಅಂತ ಊರುವಾರು ಹೇಳಬೇಕು. ಆಳದ ಬೋರ್ ಇರುವಲ್ಲಿ 10 ಎಚ್‌ಪಿ ಗೆರೆಯನ್ನು ಮತ್ತೊಮ್ಮೆ ನೋಡಬೇಕು.

ದರ ಪರಿಷ್ಕರಣೆಗೆ ಹೆಸ್ಕಾಂ ಅರ್ಜಿ ಹಾಕಿದಾಗ ಕೆಇಆರ್‌ಸಿ ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯುತ್ತದೆ, ಬಹಿರಂಗ ವಿಚಾರಣೆಯನ್ನೂ ನಡೆಸುತ್ತದೆ. ಆಕ್ಷೇಪಣೆ ಸಲ್ಲಿಸಲು ವಕೀಲರೇ ಬೇಕೆಂದಿಲ್ಲ, ಯಾವ ಗ್ರಾಹಕರಾದರೂ ಬರೆದು ಕೊಡಬಹುದು. ದೊಡ್ಡ ಕೈಗಾರಿಕೆಗಳ ಸಂಘಗಳು ಅಲ್ಲಿ ಅಂಕಿಅಂಶ ಹಿಡಿದು ವಾದ ಮಾಡುತ್ತವೆ. ನಮ್ಮ ತಾಲ್ಲೂಕಿನ ಬೋರಿನ ಆಳ, ಸುಟ್ಟ ಟಿಸಿಗಳ ಲೆಕ್ಕ, ರಾತ್ರಿ ಪಾಳಿಯ ತೊಂದರೆ ಆ ಕಡತಕ್ಕೆ ಸೇರದಿದ್ದರೆ ಆಯೋಗದ ಲೆಕ್ಕದಲ್ಲಿ ಅವು ಇಲ್ಲವೇ ಇಲ್ಲ. 2027-28ರವರೆಗಿನ ಆದೇಶ ಮುಗಿದು ಮುಂದಿನ ದರದ ಅರ್ಜಿ ಬರುವಷ್ಟರಲ್ಲಿ ಈ ಲೆಕ್ಕ ಕೂಡಿಸಲು ಸಮಯವಿದೆ. ಸುಟ್ಟ ಪ್ರತಿ ಟಿಸಿಗೆ ಒಂದು ದೂರಿನ ನಂಬರ್ ಪಡೆಯುವುದರಿಂದ ಆ ಕೆಲಸ ಶುರು ಮಾಡಬಹುದು.