ಗಲ್ಲಾದಲ್ಲಿ ಕೂತು ನಗಿಸುವವರು

ಹೋಟೆಲು ನಡೆಸುವವನಿಗೆ ತಮಾಷೆ ಎಂಬುದು ಬಂಡವಾಳವಿಲ್ಲದ ಐಟಂ. ಸಾಂಬಾರಿಗೆ ಉಪ್ಪು ಜಾಸ್ತಿಯಾದ ದಿನವೂ ಗಲ್ಲಾದಲ್ಲಿ ಕೂತವನು ಒಂದು ಜೋಕು ಬಿಟ್ಟರೆ ಗಿರಾಕಿ ನಕ್ಕು ಬಿಲ್ಲು ಕೊಟ್ಟು ಹೋಗುತ್ತಾನೆ. ಸಾಲ, ಲೈಸೆನ್ಸು, ಹೇಳದೆ ಕೇಳದೆ ಊರಿಗೆ ಹೊರಟುಬಿಡುವ ಭಟ್ಟರು, ಎಲ್ಲವನ್ನೂ ನಾವು ನಗುನಗುತ್ತಲೇ ದಾಟಿ ಬಂದವರು. ಆ ನಗು ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ಅದು ಎಲ್ಲಿಯವರೆಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಂತ ಅನುಭವದಿಂದ ಹೇಳಬೇಕಾಗಿದೆ.

2020ರ ಮಾರ್ಚಿನಲ್ಲಿ ಇಲ್ಲಿ ಮುಂಬಯಿಯಲ್ಲಿ ಶಟರ್ ಎಳೆದ ನಾವು ಗಿರಾಕಿಗಳನ್ನು ಮತ್ತೆ ಒಳಗೆ ಕೂರಿಸಿದ್ದು ಅಕ್ಟೋಬರ್ 5ರ ನಂತರ, ಅದೂ ಅರ್ಧ ಟೇಬಲು. 2021ರ ಏಪ್ರಿಲ್‌ನಲ್ಲಿ ಪುನಃ ಬಂದ್, ಪಾರ್ಸೆಲ್ ಮಾತ್ರ. ಕೇಳಿದವರಿಗೆಲ್ಲ "ನಮ್ಮಲ್ಲಿ ಈಗ ನೊಣ ಬಂದರೂ ಟೋಕನ್ ಕೊಟ್ಟು ಕೂರಿಸ್ತೇವೆ" ಎನ್ನುತ್ತಿದ್ದೆವು. ತರಕಾರಿಯವನು, ಪಕ್ಕದ ಅಂಗಡಿಯವನು, ಊರಿನ ಭಾವ, ಎಲ್ಲರೂ ನಗುತ್ತಿದ್ದರು. ದಿನ ಹೋದಂತೆ ತಮಾಷೆಯೆಲ್ಲ ನಮ್ಮ ಮೇಲೆಯೇ ತಿರುಗಿತು. "ಈ ಮುದಿ ಗ್ರೈಂಡರನ್ನು ಗುಜರಿಯವನೂ ಒಯ್ಯಲ್ಲ" ಎಂದು ನಮ್ಮನ್ನೇ ತೋರಿಸಿ ಹೇಳುತ್ತಿದ್ದೆವು. ಅದಕ್ಕೂ ನಕ್ಕರು. ಮನೆಯವಳು ಮಾತ್ರ ನಗಲಿಲ್ಲ. "ಹಗಲೆಲ್ಲ ಊರನ್ನು ನಗಿಸ್ತೀರಿ, ರಾತ್ರಿ ಮೂರು ಗಂಟೆಗೆ ಕತ್ತಲಲ್ಲಿ ಕೂತಿರ್ತೀರಿ. ನಡೀರಿ ಡಾಕ್ಟ್ರ ಹತ್ರ" ಎಂದಳು.

ಮನಸ್ಸಿನ ಡಾಕ್ಟರೆಂದರೆ ನಮಗೆ ನಾಚಿಕೆ. ಆಸ್ಪತ್ರೆಯಲ್ಲಿ ನಮ್ಮ ನಂಬರು ಕೂಗಿದಾಗ (ಜೀವಮಾನವೆಲ್ಲ ಆರ್ಡರ್ ಕೂಗಿದವರು ನಾವು!) ಎದ್ದು ಓಡಿಬಿಡೋಣ ಎನಿಸಿತು. ಒಳಗೆ ಹೋಗಿ ಅದೇ ನೊಣದ ಜೋಕು ಹೇಳಿದೆವು. ಡಾಕ್ಟರೂ ನಕ್ಕರು. ನಕ್ಕು ಮುಗಿಸಿ, "ನಿದ್ದೆ ಎಷ್ಟು ಗಂಟೆ ಬರುತ್ತೆ?" ಎಂದು ಕೇಳಿದರು. ಅಷ್ಟು ತಿಂಗಳಲ್ಲಿ ನಮ್ಮ ಜೋಕಿಗೆ ನಕ್ಕವರ ಪೈಕಿ ಹೀಗೆ ಕೇಳಿದವರು ಅವರೊಬ್ಬರೇ. ನಮಗೆ ಅಳು ಬಂದುಬಿಟ್ಟಿತು. ಎಂಟು ತಿಂಗಳು ಮಾತ್ರೆ ತೆಗೆದುಕೊಂಡೆವು, ಡಾಕ್ಟರು ಸಾಕೆಂದ ಮೇಲೆ ನಿಲ್ಲಿಸಿದೆವು. ಜೋಕು ಹೇಳುವ ಚಾಳಿ ಹೋಗಿಲ್ಲ, ಗಿರಾಕಿಗಳನ್ನು ಕೇಳಿ ನೋಡಿ.

ನಮ್ಮ ಹಿರಿಯರು 'ಕೊರವಂಜಿ' ಪತ್ರಿಕೆ ಓದಿ ನಕ್ಕವರು. 1942ರಲ್ಲಿ ಅದನ್ನು ಶುರುಮಾಡಿದ ರಾ.ಶಿ.ಯವರು ವೃತ್ತಿಯಲ್ಲಿ ಡಾಕ್ಟರು. ಅವರಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದುಕೊಟ್ಟದ್ದು ನಗೆಬರಹವಲ್ಲ, ಮನಸ್ಸಿನ ವಿಚಾರ ಬರೆದ 'ಮನಮಂಥನ'. ಕನ್ನಡಿಗರನ್ನು ಅಷ್ಟು ನಗಿಸಿದವರೇ ಈ ವಿಷಯಕ್ಕೆ ಪುಸ್ತಕ ಬರೆದಿರುವಾಗ ನಮಗೇಕೆ ನಾಚಿಕೆ?

ನಮಗಾದರೂ ಮನೆಯವಳಿದ್ದಳು. ಹೋಟೆಲಿನ ರೂಮಿನಲ್ಲಿ ಮಲಗುವ ಹುಡುಗರಿಗೆ ಕೇಳುವವರು ಯಾರು? ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಟೆಲಿ ಮಾನಸ್ ಎಂಬ ಸಹಾಯವಾಣಿ ಶುರುಮಾಡಿದೆ. ನಂಬರು 14416. ದಿನದ 24 ಗಂಟೆ, ಪುಕ್ಕಟೆ, ಕನ್ನಡದಲ್ಲೂ ಮಾತಾಡಬಹುದು. ಅದನ್ನು ನಮ್ಮ ಅಡುಗೆಮನೆ ಬಾಗಿಲಿಗೆ ಅಂಟಿಸಿದ ದಿನ ದೋಸೆ ಹುಡುಗ "ಸೇಟ್ರೇ, ಇವರು ಹೋಮ್ ಡೆಲಿವರಿ ಕೊಡ್ತಾರಾ?" ಎಂದ. ಎಲ್ಲರೂ ನಕ್ಕೆವು. ಎರಡು ದಿನ ಬಿಟ್ಟು ಅವನೇ ಬಂದು, ಆ ನಂಬರಿಗೆ ಫೋನು ಮಾಡಲು ಅರ್ಧ ಗಂಟೆ ಬಿಡುವು ಕೇಳಿದ.

ವಾರ್ಷಿಕ ಸಭೆಯ ದಿನ ಶುಗರ್, ಬಿ.ಪಿ., ಕಣ್ಣು ತಪಾಸಣೆ ಇಡುತ್ತೇವಲ್ಲ, ಈ ಸಲ ಒಬ್ಬ ಮನೋವೈದ್ಯರನ್ನೂ ಕರೆಸಬೇಕೆಂದು ಸಮಿತಿಯವರಲ್ಲಿ ನಮ್ಮ ವಿನಂತಿ. ಹೆಸರು ಬರೆಸಲು ಸದಸ್ಯರು ಹಿಂದೆಮುಂದೆ ನೋಡಿದರೆ ಮೊದಲನೇ ನಂಬರಿಗೆ ನಮ್ಮ ಹೆಸರನ್ನೇ ಬರೆದುಕೊಳ್ಳಿ.