ಎಂಜಿನ್ನಿನ ಹಿಂದಿನ ಬೆಟ್ಟ

ಬೆಂಗಳೂರಿನ ದಂಡು ಪ್ರದೇಶಕ್ಕೆ ರೈಲು ಬಂದದ್ದು 1864ರ ಆಗಸ್ಟ್ ತಿಂಗಳಿನಲ್ಲಿ. ಜೋಲಾರಪೇಟೆಯ ಕಡೆಯಿಂದ ಏರುಹಾದಿಯನ್ನು ಹತ್ತಿಬಂದ ಮದರಾಸು ರೈಲ್ವೆಯ ಹಳಿ ಅಂದು ಕಂಟೋನ್ಮೆಂಟ್ ನಿಲ್ದಾಣದಲ್ಲಿ ಕೊನೆಗೊಳ್ಳುತ್ತಿತ್ತು. ಆ ಕಾಲಕ್ಕೆ ಮೈಸೂರು ಸೀಮೆಯ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರು ಎರಡು ಕಡೆ ನಿಂತಿತು. ಶಿವಾಜಿನಗರದ ಆಸ್ಪತ್ರೆಯನ್ನು ಜನ ಇಂದಿಗೂ ಬೌರಿಂಗ್ ಆಸ್ಪತ್ರೆಯೆಂದೇ ಕರೆಯುತ್ತಾರೆ. ಅದೇ ಹಳಿಯ ಮೇಲೆ ಪೂರ್ವಕ್ಕೆ, ಕೃಷ್ಣರಾಜಪುರವನ್ನು ದಾಟಿ ಹೋದರೆ ಸಿಗುವ ಬೌರಿಂಗ್‌ಪೇಟೆ ಮಾತ್ರ ಜನರ ನಾಲಗೆಯಲ್ಲಿ ಸವೆದು ಬಂಗಾರಪೇಟೆಯಾಗಿದೆ.

ದೊಡ್ಡ ರೈಲಿನಿಂದ ಇಳಿದವರು ಸಣ್ಣ ರೈಲನ್ನು ಹತ್ತುತ್ತಿದ್ದುದು ಈ ಬಂಗಾರಪೇಟೆಯಲ್ಲಿ. ಎರಡೂವರೆ ಅಡಿ ಅಗಲದ ನ್ಯಾರೋಗೇಜ್ ಹಳಿ ಇಲ್ಲಿಂದ ಕೋಲಾರಕ್ಕೆ 1913ರಲ್ಲಿ ತೆರೆಯಿತು. ಅತ್ತ ಬೆಂಗಳೂರಿನ ಉತ್ತರ ದಿಕ್ಕಿನಿಂದ ಯಲಹಂಕ, ದೇವನಹಳ್ಳಿಗಳ ಮೂಲಕ ಚಿಕ್ಕಬಳ್ಳಾಪುರದತ್ತ ಇಂಥದೇ ಮತ್ತೊಂದು ಹಳಿ 1915ರ ಸುಮಾರಿಗೆ ಬಂದಿತು. ನಂದಿಯ ತಪ್ಪಲಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ ಕಾಲವದು. ಎರಡು ತುದಿಗಳೂ ಕೂಡಿದ ಮೇಲೆ ಯಲಹಂಕದಿಂದ ನಂದಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರಗಳನ್ನು ಸುತ್ತಿ ಬಂಗಾರಪೇಟೆಯಲ್ಲಿ ಮದರಾಸಿನ ಹಳಿಯನ್ನು ಸೇರುವ ಒಂದು ಬಳಸುದಾರಿ ಸಿದ್ಧವಾಯಿತು.

ನೀಲಗಿರಿಯ ರೈಲಿನಂತೆ ಈ ರೈಲು ಬೆಟ್ಟವನ್ನು ಏರಲಿಲ್ಲ. ಬೆಟ್ಟಗಳ ಬುಡವನ್ನು ಬಳಸಿಕೊಂಡು ಹೋಯಿತು. ಒಂದು ಕಡೆ ನಂದಿ, ಸ್ಕಂದಗಿರಿಗಳ ಸಾಲು. ಮುಂದೆ ಚಿಂತಾಮಣಿಯ ಬಳಿ ಅಂಬಾಜಿದುರ್ಗದ ಬಂಡೆ. ಕೊನೆಯಲ್ಲಿ ಕೋಲಾರದ ಅಂತರಗಂಗೆಯ ಬೆಟ್ಟ. ಬೆಟ್ಟದಿಂದ ಇಳಿದ ಮಳೆನೀರು ಕೆರೆ ಸೇರುವ ಜಾಗದಲ್ಲಿ ಊರು. ಊರಿನ ಪಕ್ಕದಲ್ಲಿ ನಿಲ್ದಾಣ. ರಾಗಿ ಹೊಲ, ಹಿಪ್ಪುನೇರಳೆ ತೋಟ, ಗುಂಡುತೋಪು, ಕೆರೆಯ ಏರಿ: ಕಿಟಕಿಯ ಪಕ್ಕದಲ್ಲಿ ಕುಳಿತವನಿಗೆ ಇಡೀ ಸೀಮೆಯ ಬೇಸಾಯ ಅಂಗೈಯಲ್ಲಿ ಹಿಡಿದಂತೆ ಕಾಣುತ್ತಿತ್ತು.

ಇಂದು ಆ ಸಣ್ಣ ರೈಲಿಲ್ಲ. 1990ರ ದಶಕದಲ್ಲಿ ಎರಡೂ ತುದಿಗಳಿಂದ ಹಳಿ ಅಗಲವಾಗುತ್ತ ಬಂದಿತು. ನಡುವೆ ಉಳಿದ ಕೋಲಾರ–ಚಿಕ್ಕಬಳ್ಳಾಪುರದ ನಡುವಣ ಸುಮಾರು 85 ಕಿಲೋಮೀಟರ್ ದಾರಿಯಲ್ಲಿ ರೈಲು ನಿಂತುಹೋಗಿ, ಜನ ವರ್ಷಗಟ್ಟಲೆ ಕಾದ ಬಳಿಕ 2013ರಲ್ಲಿ ಬ್ರಾಡ್‌ಗೇಜ್ ರೈಲು ಓಡಿತು. ಹಳ್ಳಿಗಳವರು ದೊಡ್ಡ ರೈಲಿಗಾಗಿ ಅರ್ಜಿ ಹಿಡಿದು ಅಲೆದದ್ದು ನ್ಯಾಯವಾಗಿಯೇ ಇತ್ತು. ಸಣ್ಣ ರೈಲು ನಿಧಾನದ ರೈಲು. ಓದಲು, ದುಡಿಯಲು, ಆಸ್ಪತ್ರೆಗೆ ಬೆಂಗಳೂರಿಗೆ ಹೋಗಬೇಕಾದವರಿಗೆ ಅದರ ಚೆಲುವಿನಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಆದ್ದರಿಂದ ಆ ರೈಲು ಮರಳಿ ಬರಲೆಂದು ಹಂಬಲಿಸುವುದರಲ್ಲಿ ಅರ್ಥವಿಲ್ಲ. ಅದರ ನೆನಪನ್ನು ಯಾವ ಕೆಲಸಕ್ಕೆ ಬಳಸಬೇಕು ಎಂಬುದು ಇಂದಿನ ಪ್ರಶ್ನೆ.

ಬೆಟ್ಟದ ರೈಲುಗಳ ನೆನಪಿಗೆ ಜಗತ್ತಿನಲ್ಲಿ ಈಗ ಮನ್ನಣೆಯಿದೆ. ಡಾರ್ಜಿಲಿಂಗ್ ರೈಲು 1999ರಲ್ಲಿ, ನೀಲಗಿರಿಯ ರೈಲು 2005ರಲ್ಲಿ, ಕಾಲ್ಕಾ–ಶಿಮ್ಲಾ ರೈಲು 2008ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬಿಳಿಯ ಅಧಿಕಾರಿಗಳು ಬೇಸಿಗೆಯ ಧಗೆಯಿಂದ ತಪ್ಪಿಸಿಕೊಳ್ಳಲು ಏರಿದ ಬೆಟ್ಟಗಳ ರೈಲುಗಳವು. ರೈತರು, ಸಂತೆಗೆ ಹೋಗುವವರು ಕುಳಿತ ರೈಲಿಗೆ ಅಂಥ ಪಟ್ಟ ದೊರೆಯಲಿಲ್ಲ. ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ನಂದಿ ಹಾಲ್ಟ್, ದೇವನಹಳ್ಳಿ, ದೊಡ್ಡಜಾಲ ಮೊದಲಾದ ಹಳೆಯ ನಿಲ್ದಾಣಗಳ ಸಂರಕ್ಷಣೆಗೆ ಮುಂದಾಗಿರುವುದು ಸಂತೋಷದ ಸಂಗತಿ. ಆದರೆ ಕಟ್ಟಡ ಉಳಿದ ಮಾತ್ರಕ್ಕೆ ನೆನಪು ಉಳಿಯುವುದಿಲ್ಲ.

ಚಲನಚಿತ್ರವು ಒಂದು ನಿಲ್ದಾಣವನ್ನು ಹೇಗೆ ಉಳಿಸಬಲ್ಲದು ಎಂಬುದಕ್ಕೆ ಮಲೆನಾಡಿನಲ್ಲಿ ಒಳ್ಳೆಯ ನಿದರ್ಶನವಿದೆ. 1980ರ ದಶಕದಲ್ಲಿ ಶಂಕರನಾಗ್ ಅವರು 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು ಚಿತ್ರೀಕರಿಸಿದಾಗ ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ನಿಲ್ದಾಣವು ಆರ್.ಕೆ. ನಾರಾಯಣರ ಕಲ್ಪನೆಯ ಮಾಲ್ಗುಡಿ ನಿಲ್ದಾಣವಾಯಿತು. ಆ ಮಾರ್ಗದ ಮೀಟರ್‌ಗೇಜ್ ಹಳಿ ಹೋಯಿತು. ಹಳೆಯ ಕಟ್ಟಡ ಪಾಳುಬಿದ್ದಿತು. 2020ರಲ್ಲಿ ಅದೇ ಕಟ್ಟಡ ದುರಸ್ತಿಗೊಂಡು ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು. ಚಿತ್ರೀಕರಣ ನಡೆಯದಿದ್ದರೆ ಆ ಗೋಡೆಗಳು ಇಂದು ಇರುತ್ತಿದ್ದವೆಂದು ಹೇಳುವುದು ಕಷ್ಟ. ಆದರೆ ಅಲ್ಲಿ ಉಳಿದದ್ದು ಕಥೆಯ ಊರಿನ ನಿಲ್ದಾಣ. ನಿಜವಾದ ಅರಸಾಳಿನಲ್ಲಿ ರೈಲು ಹತ್ತಿದವರಾರು, ಯಾವ ಬೆಳೆ ಎಲ್ಲಿಗೆ ಹೋಯಿತು, ಸುತ್ತಣ ಕಾಡು ಎಷ್ಟಿತ್ತು ಎಂಬುದನ್ನು ಧಾರಾವಾಹಿ ಹೇಳಬೇಕಾಗಿಯೂ ಇರಲಿಲ್ಲ. ಅದು ಊರಿನವರೇ ಹೇಳಬೇಕಾದ ಮಾತು.

ನಂದಿಯ ಸುತ್ತಿನ ಸಣ್ಣ ರೈಲಿನ ಚಿತ್ರಗಳನ್ನು ತೆಗೆದವರು ಬಹುಮಟ್ಟಿಗೆ ಹೊರಗಿನ ಹವ್ಯಾಸಿಗಳು. ಉಗಿಯೆಂಜಿನ್ನಿನ ಮೋಹದಿಂದ ದೂರದೂರದಿಂದ ಕ್ಯಾಮೆರಾ ಹೊತ್ತು ಬಂದವರು. ಅವರ ಕಣ್ಣೆಲ್ಲ ಎಂಜಿನ್ನಿನ ಮೇಲೆ: ಅದರ ಚಕ್ರ, ಅದರ ಕೊಳವೆ, ಅದರ ಹೊಗೆ. ಆದರೆ ಕ್ಯಾಮೆರಾಕ್ಕೆ ಆ ಪಕ್ಷಪಾತವಿಲ್ಲ. ಎಂಜಿನ್ನಿನ ಹಿಂದೆ ಇದ್ದ ಬೆಟ್ಟದ ಅಂಚು, ಕೆರೆಯಲ್ಲಿ ನಿಂತ ನೀರು, ಹಳಿಯ ಪಕ್ಕದ ಹೊಂಗೆ, ಹೊಲದಲ್ಲಿ ನಿಂತ ಪೈರು ಎಲ್ಲವೂ ತಾವಾಗಿ ಚಿತ್ರದೊಳಗೆ ಬಂದು ಕುಳಿತಿವೆ. ಬೆಟ್ಟದ ಬುಡದಲ್ಲಿ ಬದುಕುವವರಿಗೆ ಆ ಚಿತ್ರಗಳಲ್ಲಿ ಬೆಲೆಯುಳ್ಳ ಭಾಗ ಈ ಹಿನ್ನೆಲೆಯೇ.

ಇದು ಬರಿಯ ಭಾವುಕತೆಯಲ್ಲ, ವಿಜ್ಞಾನ ಒಪ್ಪಿದ ಕ್ರಮ. ಹಳೆಯ ಚಿತ್ರ ತೆಗೆದ ಜಾಗದಲ್ಲೇ ನಿಂತು, ಅದೇ ದಿಕ್ಕಿಗೆ, ಸಾಧ್ಯವಾದರೆ ಅದೇ ಋತುವಿನಲ್ಲಿ ಮತ್ತೆ ಚಿತ್ರ ತೆಗೆದು ಎರಡನ್ನೂ ಹೋಲಿಸುವುದು ಈ ಕ್ರಮ. ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಹಿಮನದಿಗಳ ಏರಿಳಿತವನ್ನು ಅಳೆಯಲು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದು ಬಳಕೆಗೆ ಬಂದಿತು. ಈಗ ಕಾಡು, ಹುಲ್ಲುಗಾವಲು, ಮಣ್ಣುಕೊಚ್ಚಣೆಗಳ ಅಧ್ಯಯನದಲ್ಲಿ ಜಗತ್ತಿನ ಎಲ್ಲೆಡೆ ಇದನ್ನು ಬಳಸುತ್ತಾರೆ. ಹಿಮನದಿಯನ್ನು ಅಳೆದ ಕ್ರಮ ನಂದಿಸಾಲಿನ ಬಂಡೆಬೆಟ್ಟಗಳಿಗೂ ಸಲ್ಲುತ್ತದೆ.

ಏಕೆಂದರೆ ಇಲ್ಲಿ ಕರಗುತ್ತಿರುವುದು ಕಲ್ಲು. ಬೆಂಗಳೂರಿನ ಕಟ್ಟಡಗಳಿಗೆ, ರಸ್ತೆಗಳಿಗೆ ಬೇಕಾದ ಜಲ್ಲಿ ಮತ್ತು ಎಂ-ಸ್ಯಾಂಡ್ ಚಿಕ್ಕಬಳ್ಳಾಪುರ, ಕೋಲಾರದ ಕ್ವಾರಿಗಳಿಂದ ಹೋಗುತ್ತದೆ. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸ್ಫೋಟದಿಂದ ಆರು ಮಂದಿ ಸತ್ತಾಗ ನಾಡು ಕೆಲವು ದಿನ ಈ ಕಡೆ ತಿರುಗಿ ನೋಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಭಾರಿ ಮಳೆಗೆ ನಂದಿಬೆಟ್ಟದ ಪಕ್ಕೆ ಕುಸಿದು ರಸ್ತೆ ಕೊಚ್ಚಿಹೋಯಿತು. ಬಯಲಿನ ಕಥೆಯೂ ಬೇರೆಯಲ್ಲ. ರಾಗಿಯ ಹೊಲಗಳಲ್ಲಿ ನೀಲಗಿರಿ ತೋಪುಗಳೆದ್ದವು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಅಷ್ಟರಲ್ಲಿ ಕೊಳವೆಬಾವಿಗಳು ಸಾವಿರ ಅಡಿಯನ್ನು ದಾಟಿದ್ದವು. 'ಮೊದಲು ಇಲ್ಲಿ ಬೆಟ್ಟವಿತ್ತು' ಎಂದು ಗ್ರಾಮಸಭೆಯಲ್ಲಿ ಒಬ್ಬ ಮುದುಕ ಹೇಳಿದರೆ ಅದು ಬಾಯಿಮಾತು. ಬೆಟ್ಟವಿದ್ದ ಚಿತ್ರವೊಂದನ್ನು ಮುಂದಿಟ್ಟರೆ ಅದು ಸಾಕ್ಷಿ.

ಈ ಲೆಕ್ಕ ಬರೆಯುವಾಗ ರೈಲನ್ನೂ ಬಿಡಬಾರದು. ಹಳಿಯ ಕೆಳಗಿನ ಜಲ್ಲಿಯೂ ಬಂಡೆ ಒಡೆದೇ ಬಂದದ್ದು. ಸ್ಲೀಪರ್ ಮರಕ್ಕಾಗಿ, ಎಂಜಿನ್ನಿನ ಸೌದೆಗಾಗಿ ಈ ದೇಶದ ಎಷ್ಟೋ ಕಾಡುಗಳನ್ನು ರೈಲು ನುಂಗಿದೆ. ನೆನಪಿನಲ್ಲಿ ಸಿಹಿಯನ್ನಷ್ಟೇ ಆರಿಸಿಕೊಂಡರೆ ಅದು ಪ್ರವಾಸೋದ್ಯಮದ ಭಿತ್ತಿಪತ್ರವಾದೀತು, ಊರಿನ ಚರಿತ್ರೆಯಾಗದು.

ಬೆಟ್ಟದ ನೆನಪು ನಗರದವರಿಗೂ ಸಂಬಂಧಿಸಿದ್ದು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿಗಳು ಹುಟ್ಟುವುದು ನಂದಿಯ ಬೆಟ್ಟಸಾಲಿನಲ್ಲಿ. ದಕ್ಷಿಣ ಪಿನಾಕಿನಿ ಹೊಸಕೋಟೆಯ ಮಾರ್ಗವಾಗಿ ಇಳಿದು, ಕೃಷ್ಣರಾಜಪುರದ ಪೂರ್ವಕ್ಕೆ ಹಾದುಹೋಗುತ್ತದೆ. ಶಿವಾಜಿನಗರ, ಹಲಸೂರು, ಇಂದಿರಾನಗರಗಳ ನೀರು ರಾಜಕಾಲುವೆಗಳಲ್ಲಿ ಹರಿದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾಯ್ದು ಅದೇ ನದಿಯನ್ನು ಸೇರುತ್ತದೆ. ಆ ಕೊಳಚೆಯ ಒಂದು ಪಾಲನ್ನು ಶುದ್ಧೀಕರಿಸಿ ಪೈಪುಗಳಲ್ಲಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾಯಿತು. 126 ಕೆರೆಗಳನ್ನು ತುಂಬಿಸುವುದು ಅದರ ಗುರಿ. ಒಣಗಿದ ಕೆರೆಗಳಲ್ಲಿ ನೀರು ಕಂಡು ಹಿಗ್ಗಿದವರೂ ಇದ್ದಾರೆ; ಎರಡನೆಯ ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕೆಂದು ಹೋರಾಡಿದವರೂ ಇದ್ದಾರೆ. ಹಿಂದೆ ಮಳೆಯ ನೀರೊಂದರಿಂದಲೇ ಆ ಕೆರೆಗಳು ಎಷ್ಟು ತುಂಬುತ್ತಿದ್ದವು? ಸಣ್ಣ ರೈಲಿನ ಕಿಟಕಿಯಿಂದ ಅದನ್ನು ಕಂಡವರಲ್ಲಿ ಕೆಲವರು ಇನ್ನೂ ಬದುಕಿದ್ದಾರೆ. ಆ ವಾದದಲ್ಲಿ ಅವರ ಮಾತಿಗೆ ಸ್ಥಾನ ಸಿಗಬೇಕು.

ಎಣಿಸಿದ್ದು ಉಳಿಯುತ್ತದೆ ಎಂಬುದನ್ನು ದಂಡಿನ ನಿಲ್ದಾಣವೇ ಈಚೆಗೆ ತೋರಿಸಿಕೊಟ್ಟಿತು. ಅದರ ಪಕ್ಕದ ರೈಲ್ವೆ ಕಾಲೊನಿಯ ಜಾಗದಲ್ಲಿ ವಾಣಿಜ್ಯ ಕಟ್ಟಡಕ್ಕಾಗಿ 368 ಮರಗಳನ್ನು ಕಡಿಯುವ ಪ್ರಸ್ತಾವ 2025ರಲ್ಲಿ ಪ್ರಕಟವಾದಾಗ ನಗರದ ಜನ ಎಚ್ಚೆತ್ತರು. ಆಕ್ಷೇಪಣೆಗಳನ್ನು ಬರೆದರು, ಮರಗಳ ನಡುವೆ ಸೇರಿದರು. ಆ ತಾಣವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸುವ ಮಾತು ಸರ್ಕಾರದ ಮಟ್ಟದಲ್ಲಿಯೇ ಬಂದಿತು. ಕಾಗದದ ಮೇಲೆ 368 ಎಂಬ ಅಂಕಿಯಿದ್ದುದರಿಂದ ಆ ಹೋರಾಟಕ್ಕೆ ಹಿಡಿ ಸಿಕ್ಕಿತು. ನಂದಿಯಿಂದ ಕೋಲಾರದವರೆಗೆ ಹಳಿ ಅಗಲವಾಗುವಾಗ ಬಿದ್ದ ಹೊಂಗೆ, ಹುಣಸೆ, ಬೇವುಗಳ ಲೆಕ್ಕ ಯಾವ ಊರಿನವರ ಬಳಿಯಲ್ಲಿದೆ?

ಬೆಟ್ಟದ ಹಳ್ಳಿಗಳ ವಿದ್ಯಾರ್ಥಿಗಳು ಈ ಕೆಲಸವನ್ನು ಬರುವ ಬೇಸಿಗೆಯಲ್ಲೇ ಆರಂಭಿಸಬಹುದು. ಮನೆಯ ಟ್ರಂಕಿನಲ್ಲಿ, ಮದುವೆಯ ಆಲ್ಬಮ್ಮಿನಲ್ಲಿ, ಶಾಲೆಯ ಪ್ರವಾಸದ ಚಿತ್ರಗಳಲ್ಲಿ ನಿಲ್ದಾಣವೋ ರೈಲೋ ಇದೆಯೇ ಎಂದು ಮೊದಲು ಹುಡುಕಲಿ. ಚಿತ್ರದಲ್ಲಿ ಕಾಣುವ ಬೆಟ್ಟದ ತುದಿ, ಕೆರೆಯ ಕೋಡಿ, ಗುಡಿಯ ಗೋಪುರ ಇವುಗಳ ಗುರುತು ಹಿಡಿದು, ತೆಗೆದವರು ನಿಂತ ಜಾಗವನ್ನು ಕಂಡುಕೊಳ್ಳಲಿ. ಅಲ್ಲಿ ನಿಂತು ಮೊಬೈಲಿನಲ್ಲಿ ಮತ್ತೆ ಚಿತ್ರ ತೆಗೆದು ದಿನಾಂಕ, ಹೊತ್ತು, ಜಾಗಗಳನ್ನು ಬರೆದಿಡಲಿ. ಮಳೆಗಾಲದ ಕೆರೆಯನ್ನು ಬೇಸಿಗೆಯ ಕೆರೆಯೊಂದಿಗೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಋತುವಿನ ಬಗ್ಗೆ ಎಚ್ಚರವಿರಲಿ. ಹಳಿಯ ಮೇಲೆ ಮಾತ್ರ ಯಾರೂ ನಿಲ್ಲಬಾರದು. ಅದು ಅಪರಾಧ, ಅದಕ್ಕಿಂತ ಹೆಚ್ಚಾಗಿ ಪ್ರಾಣಕ್ಕೆ ಅಪಾಯ. ಇಂದಿನ ರೈಲು ಹಿಂದಿನ ಸಣ್ಣ ರೈಲಿನಂತೆ ನಿಧಾನಿಸುವುದಿಲ್ಲ.

ಚಿತ್ರದ ಜೊತೆಗೆ ಮಾತು ಬೇಕು. ಹಿರಿಯರನ್ನು ಅವರ ಜಗುಲಿಯ ಮೇಲೆ ಕೂರಿಸಿ, ಅವರ ಒಪ್ಪಿಗೆ ಪಡೆದು, ನಿಧಾನವಾಗಿ ಮಾತನಾಡಿಸಬೇಕು. 'ರೈಲು ಚೆನ್ನಾಗಿತ್ತೇ?' ಎಂಬ ಪ್ರಶ್ನೆಗೆ 'ಚೆನ್ನಾಗಿತ್ತು' ಎಂಬ ಉತ್ತರವಷ್ಟೇ ಬರುತ್ತದೆ. ಯಾವ ಸಂತೆಗೆ ಹೋಗುತ್ತಿದ್ದಿರಿ, ಬುಟ್ಟಿಯಲ್ಲಿ ಏನಿತ್ತು, ನಿಲ್ದಾಣದ ಬಾವಿಯಲ್ಲಿ ಎಷ್ಟು ಮೊಳಕ್ಕೆ ನೀರಿತ್ತು, ಹಳಿ ಕಾಯುವ ಗ್ಯಾಂಗ್‌ಮನ್ ಯಾವ ಊರಿನವನು, ಆ ಬೆಟ್ಟಕ್ಕೆ ನಿಮ್ಮ ಊರಿನವರು ಕರೆಯುತ್ತಿದ್ದ ಹೆಸರೇನು ಎಂದು ಕೇಳಬೇಕು. ಹೆಂಗಸರನ್ನು ತಪ್ಪದೆ ಕೇಳಬೇಕು. ಸೌದೆ, ಸೊಪ್ಪು, ನೀರುಗಳ ದೂರವನ್ನು ಕಾಲಿನಲ್ಲಿ ಅಳೆದವರು ಅವರು.

ಹೀಗೆ ಕೂಡಿಸಿದ್ದು ಫೋನಿನಲ್ಲಿಯೇ ಉಳಿದರೆ ಫೋನಿನೊಂದಿಗೇ ಹಾಳಾಗುತ್ತದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿಯಿರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಎಷ್ಟೋ ಕಡೆ ಅದು ಕಪಾಟಿನಲ್ಲಿ ಮಲಗಿರುವ ಕಡತ. ಹಳೆಯ ಚಿತ್ರ, ಹೊಸ ಚಿತ್ರ, ಹಿರಿಯರ ಹೇಳಿಕೆ ಈ ಮೂರನ್ನೂ ಅದಕ್ಕೆ ಸೇರಿಸಿ, ಒಂದು ಪ್ರತಿಯನ್ನು ಶಾಲೆಯಲ್ಲಿ ಇಡಬೇಕು. ಮುಂದೆ ಕ್ವಾರಿಗೋ ಬಡಾವಣೆಗೋ ಅರ್ಜಿ ಬಂದ ದಿನ ಊರಿನ ಕೈಯಲ್ಲಿ ತೋರಿಸಲು ಏನಾದರೂ ಇರುತ್ತದೆ.

ಸಣ್ಣ ರೈಲಿನಲ್ಲಿ ತಿರುಗಿದ ತಲೆಮಾರು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆ. ಆ ರೈಲು ಬಳಸಿ ಹೋದ ಬೆಟ್ಟಗಳಲ್ಲಿ ಹಲವು ಇನ್ನೂ ನಿಂತಿವೆ. ಮೊದಲನೆಯವರ ಮಾತನ್ನು ಈಗಲೇ ಬರೆದುಕೊಂಡರೆ ಎರಡನೆಯದನ್ನು ಉಳಿಸಿಕೊಳ್ಳುವ ಹೋರಾಟಕ್ಕೆ ಅದು ಒದಗುತ್ತದೆ.