ಕೂಸು ಹುಟ್ಟುವ ಮುನ್ನ ಕುಲಾವಿ: ಕುರಿಗಳ ಭ್ರೂಣ ವರ್ಗಾವಣೆಯ ಲೆಕ್ಕ

ಪುಣೆಯಿಂದ ಅಹಿಲ್ಯಾನಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಸುಮಾರು 50 ಕಿ.ಮೀ. ಸಾಗಿದರೆ ರಾಂಜಣಗಾಂವ ಸಿಗುತ್ತದೆ. ಅಷ್ಟವಿನಾಯಕ ಯಾತ್ರೆ ಮಾಡಿದ ನಮ್ಮ ಕುಟುಂಬಗಳಿಗೆ ಅದು ಮಹಾಗಣಪತಿಯ ಊರು. ಅಲ್ಲಿನ ಕೈಗಾರಿಕಾ ವಸಾಹತಿನಲ್ಲಿ ದುಡಿಯುವ ಕನ್ನಡಿಗರಿಗೆ ಕಾರು, ಶೀತಕಪೆಟ್ಟಿಗೆ, ದೂರದರ್ಶನ ಯಂತ್ರಗಳ ಕಾರ್ಖಾನೆಗಳ ಊರು. ಇವೆರಡಕ್ಕಿಂತಲೂ ಹಳೆಯದಾದ ಇನ್ನೊಂದು ಬದುಕು ಈ ಒಣಸೀಮೆಗಿದೆ. ಅದು ಕುರಿಗಾಹಿಯ ಬದುಕು. ಶಿರೂರು, ಪಾರನೇರ ತಾಲ್ಲೂಕುಗಳ ಕೊಯ್ಲಾದ ಹೊಲಗಳಲ್ಲಿ ಧನಗರರ ದಖ್ಖನಿ ಕುರಿಮಂದೆಗಳು ರಾತ್ರಿ ತಂಗುತ್ತವೆ. ರೈತನಿಗೆ ಗೊಬ್ಬರ, ಕುರಿಗಾಹಿಗೆ ಕಾಳು ಅಥವಾ ಒಂದಿಷ್ಟು ಹಣ.

ಇದೇ ಶಿರೂರು ತಾಲ್ಲೂಕಿನ ವಡಗಾಂವ ರಾಸಾಯಿಯಲ್ಲಿ ಜೆ.ಕೆ. ಟ್ರಸ್ಟಿನ ಜಾನುವಾರು ಸಂತಾನ ತಂತ್ರಜ್ಞಾನ ಕೇಂದ್ರವಿದೆ. ದೇಶಿ ಹಸು, ಎಮ್ಮೆಗಳ ಪ್ರನಾಳ ಭ್ರೂಣಗಳನ್ನು ತಯಾರಿಸಿ ಸಾಮಾನ್ಯ ಹಸುಗಳ ಗರ್ಭಕ್ಕೆ ಸೇರಿಸುವ ಕೆಲಸ ಅಲ್ಲಿ ನಡೆಯುತ್ತದೆ. ಕಾರ್ಖಾನೆ, ಪ್ರಯೋಗಾಲಯ, ಕುರಿಮಂದೆ ಮೂರೂ ಒಂದೇ ತಾಲ್ಲೂಕಿನಲ್ಲಿರುವಾಗ ಒಂದು ಪ್ರಶ್ನೆ ಏಳುವುದು ಸಹಜ. ಹಸುವಿಗೆ ಒದಗಿದ ಭಾಗ್ಯ ಕುರಿಗೇಕೆ ಒದಗಬಾರದು? ಭ್ರೂಣ ವರ್ಗಾವಣೆಯಿಂದ ಒಂದೇ ಋತುವಿನಲ್ಲಿ ಉತ್ತಮ ತಳಿಯ ಹತ್ತಾರು ಮರಿಗಳನ್ನು ಪಡೆದು ಬಡ ಕುರಿಗಾಹಿಯ ಆದಾಯ ಹೆಚ್ಚಿಸಬಾರದೇಕೆ?

ಈ ಪ್ರಶ್ನೆ ಕನ್ನಡಿಗರಾದ ನಮಗೆ ಹೊರಗಿನದಲ್ಲ. ಜೇಜುರಿಯ ಖಂಡೋಬನ ಎರಡನೆಯ ಮಡದಿ ಬಾಣಾಯಿ ಧನಗರ ಹೆಣ್ಣುಮಗಳು. ನಮ್ಮ ಮೈಲಾರಲಿಂಗನ ಎರಡನೆಯ ಮಡದಿ ಕುರುಬರ ಮಾಳವ್ವ. ಮಹಾರಾಷ್ಟ್ರದ ಬಿರೋಬನೇ ಕರ್ನಾಟಕದ ಬೀರಪ್ಪ. ಸೊಲ್ಲಾಪುರ ಜಿಲ್ಲೆಯ ಹುಲಜಂತಿಯಲ್ಲಿ ದೀಪಾವಳಿಯ ಸಮಯಕ್ಕೆ ಸೇರುವ ಪಲ್ಲಕ್ಕಿಗಳ ಮುಂದೆ ಕನ್ನಡ, ಮರಾಠಿ ಎರಡೂ ಕೇಳಿಬರುತ್ತವೆ. ಕುರಿಯ ಸಂಗತಿ ಎಂದರೆ ಗಡಿಯ ಎರಡೂ ಬದಿಯ ಲಕ್ಷಾಂತರ ಮನೆಗಳ ಸಂಗತಿ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 7.43 ಕೋಟಿ ಕುರಿಗಳಿದ್ದು, ಕರ್ನಾಟಕವೊಂದರಲ್ಲೇ 1.1 ಕೋಟಿಯಷ್ಟಿದ್ದವು, ಮಹಾರಾಷ್ಟ್ರದಲ್ಲಿ ಸುಮಾರು 27 ಲಕ್ಷ.

ವಿಧಾನ ಹೇಗೆ?

ಭ್ರೂಣ ವರ್ಗಾವಣೆ ಹೊಸ ವಿದ್ಯೆಯೇನಲ್ಲ. ಇಂಗ್ಲೆಂಡಿನ ವಾಲ್ಟರ್ ಹೀಪ್ 1890ರಲ್ಲಿಯೇ ಒಂದು ಮೊಲದ ಭ್ರೂಣವನ್ನು ಇನ್ನೊಂದರ ಗರ್ಭದಲ್ಲಿ ಬೆಳೆಸಿ ತೋರಿಸಿದ್ದನು. ಕುರಿ, ಮೇಕೆಗಳಲ್ಲಿ 1930ರ ದಶಕದಲ್ಲಿ ಪ್ರಯೋಗಗಳು ನಡೆದವು. ಇಂದಿನ ಕ್ರಮ ಸ್ಥೂಲವಾಗಿ ಹೀಗಿದೆ. ಉತ್ತಮ ತಳಿಯ ಹೆಣ್ಣು ಕುರಿಯನ್ನು ದಾನಿಯಾಗಿ ಆರಿಸುತ್ತಾರೆ. ಹಾರ್ಮೋನು ಸವರಿದ ಸ್ಪಾಂಜನ್ನು 12ರಿಂದ 14 ದಿನ ಯೋನಿಯಲ್ಲಿರಿಸಿ, ದಾನಿಯನ್ನೂ ಭ್ರೂಣ ಹೊರಲಿರುವ ಸಾಕುತಾಯಿ ಕುರಿಗಳನ್ನೂ ಒಂದೇ ಹೊತ್ತಿಗೆ ಬೆದೆಗೆ ತರುತ್ತಾರೆ. ದಾನಿಗೆ ಮೂರು ನಾಲ್ಕು ದಿನ, ದಿನಕ್ಕೆರಡು ಬಾರಿ ಚುಚ್ಚುಮದ್ದು ಕೊಟ್ಟು, ಒಂದೆರಡು ಅಂಡಗಳ ಬದಲು ಹಲವು ಅಂಡಗಳು ಬಿಡುಗಡೆಯಾಗುವಂತೆ ಮಾಡುತ್ತಾರೆ. ಒಳ್ಳೆಯ ಟಗರಿನ ವೀರ್ಯದಿಂದ ಅವು ಫಲಿತಗೊಂಡ ಆರೇಳು ದಿನಗಳ ಮೇಲೆ ಭ್ರೂಣಗಳನ್ನು ಹೊರತೆಗೆದು, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಸಾಕುತಾಯಿಯರ ಗರ್ಭಕ್ಕೆ ಸೇರಿಸುತ್ತಾರೆ. ಮುಂದೆ ಐದು ತಿಂಗಳ ಗರ್ಭಧಾರಣೆ.

ಹೇಳಲು ಸುಲಭ. ತೊಡಕಿರುವುದು ಕುರಿಯ ದೇಹರಚನೆಯಲ್ಲಿ. ಹಸುವಿನ ಗರ್ಭಕಂಠದ ಮೂಲಕ ನಳಿಕೆಯನ್ನು ತೂರಿಸಬಹುದು. ಕುರಿಯ ಗರ್ಭಕಂಠ ಕಿರಿದು, ಸುರುಳಿ ಸುರುಳಿಯಾದ ಮಡಿಕೆಗಳುಳ್ಳದ್ದು. ಆದ್ದರಿಂದ ಭ್ರೂಣ ತೆಗೆಯಲು ಸಾಮಾನ್ಯವಾಗಿ ಅರಿವಳಿಕೆ ಕೊಟ್ಟು ಹೊಟ್ಟೆಯನ್ನೇ ಕೊಯ್ಯಬೇಕು. ಒಳಗೆ ಸೇರಿಸಲು ದುರ್ಬೀನಿನ ಶಸ್ತ್ರಕ್ರಿಯೆ ಬೇಕು. ಕೊಯ್ದ ಜಾಗದಲ್ಲಿ ಒಳಾಂಗಗಳು ಅಂಟಿಕೊಳ್ಳುವುದರಿಂದ ಒಂದೇ ದಾನಿಯನ್ನು ಮತ್ತೆ ಮತ್ತೆ ಬಳಸುವಂತಿಲ್ಲ. ಹಸುವಿನ ಅಂಡಗಳನ್ನು ಸೂಜಿಯಿಂದ ಪದೇ ಪದೇ ಹೀರಿ ತೆಗೆಯುವ ಸೌಕರ್ಯಕ್ಕೂ ಇದಕ್ಕೂ ಅಜಗಜಾಂತರ.

ಶೇಕಡಾ ಎಷ್ಟರಲ್ಲಿ?

ನುರಿತ ಕೈಗಳಲ್ಲಿ ತಾಜಾ ಭ್ರೂಣಗಳನ್ನು ವರ್ಗಾಯಿಸಿದಾಗ ಕುರಿಗಳಲ್ಲಿ ಶೇ. 60ರಿಂದ 70ರಷ್ಟು ಗರ್ಭ ನಿಲ್ಲುತ್ತದೆಂದು ಹೇಳುತ್ತಾರೆ. ಶೈತ್ಯೀಕರಿಸಿದ ಭ್ರೂಣಗಳಲ್ಲಿ ಪ್ರಮಾಣ ಇನ್ನೂ ಕಡಿಮೆ. ಕೇಳಲು ಇದು ಬಲು ಚೆನ್ನಾಗಿದೆ. ಆದರೆ ಶಾಲೆಯಲ್ಲಿ ಭಿನ್ನರಾಶಿ ಕಲಿತವರಿಗೆಲ್ಲ ತಿಳಿದಿರುವಂತೆ, ಮೇಲಿನ ಅಂಶವಷ್ಟೇ ಅಲ್ಲ, ಕೆಳಗಿನ ಛೇದವೂ ಮುಖ್ಯ. ಯಾವುದರಲ್ಲಿ ಶೇಕಡಾ 60? ಗರ್ಭಕ್ಕೆ ಸೇರಿಸಿದ ಭ್ರೂಣಗಳಲ್ಲೋ, ಸಾಕುತಾಯಿಯರಲ್ಲೋ, ಚುಚ್ಚುಮದ್ದು ಪಡೆದ ದಾನಿಗಳಲ್ಲೋ?

ಒಂದೇ ಪ್ರಮಾಣದ ಔಷಧಿ ಕೊಟ್ಟರೂ ಒಂದು ಕುರಿ ಹತ್ತಕ್ಕಿಂತ ಹೆಚ್ಚು ಭ್ರೂಣ ನೀಡುತ್ತದೆ, ಅದರ ಪಕ್ಕದ ಕುರಿ ಒಂದನ್ನೂ ನೀಡದು. ಬರಿಗೈಯಲ್ಲಿ ಉಳಿದ ದಾನಿಗಳ ಖರ್ಚನ್ನು ಗರ್ಭದ ಶೇಕಡಾವಾರು ಅಂಕಿ ತೋರಿಸುವುದಿಲ್ಲ. ಮುಂದಿನ ನಷ್ಟಗಳೂ ಇವೆ: ನಿಂತ ಗರ್ಭ ಇಳಿದುಹೋಗುವುದು, ಅವಳಿ ಮರಿಗಳು ಕಡಿಮೆ ತೂಕದಲ್ಲಿ ಹುಟ್ಟುವುದು, ತಾಯಿಯ ಹಾಲು ಸಾಲದಿರುವುದು, ಮಳೆಗಾಲದ ಶೀತಕ್ಕೆ ಮರಿ ಬಲಿಯಾಗುವುದು. 1996ರ ಜುಲೈನಲ್ಲಿ ಸ್ಕಾಟ್‌ಲೆಂಡಿನಲ್ಲಿ ಹುಟ್ಟಿದ ಡಾಲಿ ಎಂಬ ತದ್ರೂಪಿ ಕುರಿಯ ಕಥೆ ಇದಕ್ಕೆ ಅತ್ಯಂತ ಪ್ರಸಿದ್ಧ ನಿದರ್ಶನ. 277 ಪುನಾರಚಿತ ಅಂಡಗಳಲ್ಲಿ ವರ್ಗಾವಣೆಗೆ ಯೋಗ್ಯವಾದ ಭ್ರೂಣಗಳು 29. ಅವನ್ನು ಹೊತ್ತ ಸಾಕುತಾಯಿಯರು 13. ಬದುಕಿ ಹುಟ್ಟಿದ ಮರಿ ಒಂದೇ ಒಂದು. ತದ್ರೂಪಿ ಸೃಷ್ಟಿಗೂ ಸಾಮಾನ್ಯ ಭ್ರೂಣ ವರ್ಗಾವಣೆಗೂ ಬಹಳ ಅಂತರವಿದೆಯೆಂಬುದು ನಿಜ. ಆದರೂ ಎಣಿಕೆ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯಬೇಕೆಂಬ ಪಾಠ ಎರಡಕ್ಕೂ ಒಂದೇ.

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬಾರದೆಂದು ನಮ್ಮ ಹಿರಿಯರು ಹೇಳಿದ್ದು ಇದಕ್ಕೇ. ಕುರಿಗಾಹಿಯ ಮಟ್ಟಿಗೆ ಯಶಸ್ಸೆಂದರೆ ಗರ್ಭವಲ್ಲ, ಜನನವೂ ಅಲ್ಲ. ಹಾಲು ಬಿಟ್ಟು, ಮೇವು ಮೇದು, ಮಂದೆಯ ಜೊತೆ ನಡೆಯಬಲ್ಲ ಮರಿ.

ಫಲಟಣದ ಪಾಠ

ಈ ದೃಷ್ಟಿಯಿಂದ ನೋಡಿದಾಗ, ಪುಣೆಯಿಂದ ಸುಮಾರು 110 ಕಿ.ಮೀ. ದೂರದ ಫಲಟಣದಲ್ಲಿ ನಡೆದ ಕೆಲಸ ಹೆಚ್ಚು ಗಮನಾರ್ಹವಾಗಿ ತೋರುತ್ತದೆ. ಅಲ್ಲಿನ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆ ಬಂಗಾಳದ ಸುಂದರಬನದ ಗರೋಲ್ ಕುರಿಯತ್ತ ಕಣ್ಣು ಹಾಯಿಸಿತು. ಗರೋಲ್ ತೀರ ಪುಟ್ಟ ಕುರಿ. ಆದರೆ ಅವಳಿ, ತ್ರಿವಳಿ ಮರಿಗಳನ್ನು ಹಾಕುವುದು ಅದಕ್ಕೆ ಸಹಜ. ದಖ್ಖನಿ ಕುರಿಯಾದರೋ ಸಾಮಾನ್ಯವಾಗಿ ಒಂದು ಬಾರಿಗೆ ಒಂದೇ ಮರಿ ಹಾಕುತ್ತದೆ.

ಗರೋಲ್ ಕುರಿಯ ಈ ಗುಣದ ಹಿಂದೆ ಒಂದು ಸೋಜಿಗದ ಚರಿತ್ರೆಯಿದೆ. ಆಸ್ಟ್ರೇಲಿಯದ ಬೂರೂಲಾ ಎಂಬ ಮಂದೆಯ ಮೆರಿನೋ ಕುರಿಗಳು ಅಸಾಧಾರಣ ಸಂಖ್ಯೆಯಲ್ಲಿ ಮರಿ ಹಾಕುತ್ತಿದ್ದವು. ಅದಕ್ಕೆ ಕಾರಣವಾದ ವಂಶವಾಹಿಯ ಬದಲಾವಣೆಯನ್ನು 2001ರಲ್ಲಿ ವಿಜ್ಞಾನಿಗಳು ಗುರುತಿಸಿದರು. ಗರೋಲ್ ಕುರಿಯಲ್ಲಿರುವುದೂ ಅದೇ ಬದಲಾವಣೆಯೆಂದು 2002ರಲ್ಲಿ ಖಚಿತವಾಯಿತು. 1790ರ ದಶಕದಲ್ಲಿ ಕಲ್ಕತ್ತೆಯಿಂದ ಹಡಗಿನಲ್ಲಿ ಸಿಡ್ನಿಗೆ ಹೋದ ಬಂಗಾಳದ ಕುರಿಗಳೇ ಇದರ ಮೂಲವಾಗಿರಬೇಕೆಂಬುದು ವಿದ್ವಾಂಸರ ಅಭಿಪ್ರಾಯ. ಎರಡು ಶತಮಾನಗಳ ನಂತರ ಆಸ್ಟ್ರೇಲಿಯದ ನೆರವಿನೊಂದಿಗೇ ಆ ಗುಣ ದಖ್ಖನಿ ಮಂದೆಯನ್ನು ಸೇರಿತು.

ಡಾ. ಚಂದಾ ನಿಂಬ್ಕರ್ ಅವರ ನೇತೃತ್ವದಲ್ಲಿ ರೂಪುಗೊಂಡ ಈ ತಳಿಗೆ ನಾರಿ ಸುವರ್ಣ ಎಂದು ಹೆಸರು. ಯಾವ ಮರಿಯಲ್ಲಿ ಆ ವಂಶವಾಹಿ ಇದೆ, ಯಾವುದರಲ್ಲಿ ಇಲ್ಲ ಎಂದು ರಕ್ತಪರೀಕ್ಷೆಯಿಂದ ಪತ್ತೆಮಾಡುವ ಕೆಲಸದಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಕೈಜೋಡಿಸಿತು. ಒಂದು ಪ್ರತಿ ವಂಶವಾಹಿ ಇರುವ ತಾಯಿ ಕುರಿ ಸರಾಸರಿ ಸುಮಾರು ಒಂದೂವರೆ ಮರಿ ಹಾಕುತ್ತದೆ. 2008ರ ನವೆಂಬರಿನಲ್ಲಿ ಈ ವಂಶವಾಹಿಯ ಬಳಕೆಯ ಕುರಿತು ಅಂತಾರಾಷ್ಟ್ರೀಯ ಕಾರ್ಯಾಗಾರ ನಡೆದದ್ದೂ ಪುಣೆಯಲ್ಲೇ.

ಈ ಸಾಧನೆಯ ಬೆನ್ನೆಲುಬು ಭ್ರೂಣ ವರ್ಗಾವಣೆಯಲ್ಲ, ಟಗರು. ಎರಡು ಪ್ರತಿ ವಂಶವಾಹಿ ಇರುವ ಟಗರನ್ನು ಮಂದೆಗೆ ಬಿಟ್ಟರೆ, ಅದರಿಂದ ಹುಟ್ಟುವ ಪ್ರತಿಯೊಂದು ಮರಿಗೂ ಒಂದು ಪ್ರತಿ ತಪ್ಪದೆ ದೊರೆಯುತ್ತದೆ. ಅರಿವಳಿಕೆ ಬೇಡ, ಕೊಯ್ಯುವುದು ಬೇಡ. ಕುರಿಗಾಹಿ ತಲೆತಲಾಂತರದಿಂದ ಬಲ್ಲ ಕ್ರಮವೇ ಸಾಕು. ತಾಯಿಗೆ ಎರಡು ಪ್ರತಿ ಸೇರಿ ಮೂರು ನಾಲ್ಕು ಮರಿ ಹಾಕುವಂತಾದರೆ ಬರಗಾಲದ ಸೀಮೆಯಲ್ಲಿ ಅವನ್ನು ಸಾಕುವ ಹಾಲು, ಹುಲ್ಲು ಇರುವುದಿಲ್ಲ. ಎಷ್ಟು ಮರಿ ಹುಟ್ಟಿಸಬಹುದೆಂದು ಕೇಳದೆ ಎಷ್ಟು ಮರಿ ಉಳಿಸಬಹುದೆಂದು ಕೇಳುವುದೇ ಇಲ್ಲಿನ ವಿವೇಕ.

ಭ್ರೂಣ ಎಲ್ಲಿಗೆ ಬೇಕು?

ಹಾಗಾದರೆ ಭ್ರೂಣ ವರ್ಗಾವಣೆ ನಿಷ್ಪ್ರಯೋಜಕವೇ? ಖಂಡಿತ ಅಲ್ಲ. ಅದರ ಸ್ಥಾನ ಬೇರೆ. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರು ಹೊತ್ತ, ಬನ್ನೂರು ಅಥವಾ ಮಂಡ್ಯ ಕುರಿಯೆಂದು ಖ್ಯಾತವಾದ ಗಿಡ್ಡ ಕಾಲಿನ, ಮೈತುಂಬಿದ ತಳಿಯನ್ನು ನಮ್ಮಲ್ಲಿ ಕೇಳದವರಿಲ್ಲ. ಅನ್ಯ ತಳಿಗಳೊಡನೆ ಬೆರೆತು ಅದರ ಶುದ್ಧ ಸಂತತಿ ಕುಗ್ಗಿದೆ. ಇಂಥ ತಳಿಯ ಅಳಿದುಳಿದ ಉತ್ತಮ ತಾಯಿಗಳಿಂದ ಭ್ರೂಣಗಳನ್ನು ಪಡೆದು ಸಾಮಾನ್ಯ ಕುರಿಗಳ ಗರ್ಭದಲ್ಲಿ ಬೆಳೆಸಿದರೆ, ಒಂದು ತಾಯಿ ಜೀವಮಾನವಿಡೀ ಕೊಡಲಾಗದಷ್ಟು ಮರಿಗಳನ್ನು ಒಂದೆರಡು ವರ್ಷಗಳಲ್ಲಿ ಪಡೆಯಬಹುದು. ಶೈತ್ಯೀಕರಿಸಿ ಮುಂದಿನ ತಲೆಮಾರಿಗೂ ಇಡಬಹುದು. ಸರಕಾರಿ ಸಂವರ್ಧನಾ ಕೇಂದ್ರಗಳಲ್ಲಿ ಬೀಜದ ಟಗರುಗಳನ್ನು ಶೀಘ್ರವಾಗಿ ಬೆಳೆಸಲೂ ಇದು ಉಪಯುಕ್ತ. ಅಲ್ಲಿ ಒಂದೊಂದು ಮರಿಯ ಬೆಲೆ ಸಂತೆಯ ಬೆಲೆಯಲ್ಲ.

ಅಪಾಯವಿರುವುದು ಇನ್ನೊಂದು ಕಡೆ. ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ, ಕನ್ನಡ ಮಾತನಾಡುವ ಹಳ್ಳಿಗಳ ನಡುವೆ, ಮಾಡಗ್ಯಾಳವಿದೆ. ಗಿಳಿಮೂಗಿನ ಎತ್ತರದ ಕುರಿಗಳಿಗೆ ಆ ಊರು ಹೆಸರಾಗಿದೆ. ಅಂಥದೊಂದು ಟಗರನ್ನು 70 ಲಕ್ಷ ರೂಪಾಯಿಗೆ ಕೇಳಿದರೂ ಒಡೆಯ ಕೊಡಲಿಲ್ಲವೆಂಬ ಸುದ್ದಿ 2020ರ ಕೊನೆಯಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಇಂಥ ಬೆಲೆಯಿರುವಲ್ಲಿ ಭ್ರೂಣದ ಖರ್ಚು ಖರ್ಚೇ ಅಲ್ಲ. ಆದರೆ ಮೂಗಿನ ಬಾಗು ನೋಡಿ ಕೊಡುವ ಹಣ ಮಾಂಸದ ತೂಕಕ್ಕಾಗಲಿ, ಮರಿಯ ಸಂಖ್ಯೆಗಾಗಲಿ ಸಂಬಂಧಿಸಿದ್ದಲ್ಲ. ಶೋಕಿಯ ಮಾರುಕಟ್ಟೆಗೆ ದುಡಿಯುವ ತಂತ್ರಜ್ಞಾನವನ್ನು ಬಡವರ ಉದ್ಧಾರವೆಂದು ಕರೆಯಲಾಗದು.

ಹಣ ಯಾರ ಕೈಗೆ?

ಬ್ಯಾಂಕಿನ ಮೇಜಿನ ಹಿಂದೆ ಕುಳಿತು ದಶಕಗಳ ಕಾಲ ಯೋಜನಾ ವರದಿಗಳನ್ನು ಓದಿದವನಾಗಿ ಒಂದು ಮಾತು. ಕಾಗದದ ಮೇಲಿನ ಕುರಿ ಎಂದೂ ಸಾಯುವುದಿಲ್ಲ. ಅದು ವರ್ಷಕ್ಕೆ ತಪ್ಪದೆ ಅವಳಿ ಹಾಕುತ್ತದೆ, ಬರದಲ್ಲೂ ಹಾಲು ಕೊಡುತ್ತದೆ. ಹೊಸ ತಂತ್ರಜ್ಞಾನದ ಹೆಸರು ಸೇರಿದರೆ ಅದರ ಉತ್ಸಾಹ ಇನ್ನೂ ಹೆಚ್ಚುತ್ತದೆ.

ರಾಷ್ಟ್ರೀಯ ಗೋಕುಲ ಅಭಿಯಾನದಡಿ ಹಸು, ಎಮ್ಮೆಗಳಿಗೆ ಪ್ರನಾಳ ಭ್ರೂಣದಿಂದ ಖಚಿತಪಟ್ಟ ಪ್ರತಿ ಗರ್ಭಕ್ಕೆ 5,000 ರೂಪಾಯಿ ಸಹಾಯಧನವನ್ನು ಗೊತ್ತುಪಡಿಸಲಾಯಿತು. ಒಂಬತ್ತು ತಿಂಗಳಿಗೆ ಒಂದೇ ಕರು ಹಾಕಿ, ವರ್ಷಾನುಗಟ್ಟಲೆ ಹಾಲು ಕೊಡುವ ಪ್ರಾಣಿಗೆ ಈ ಕ್ರಮ ಒಪ್ಪುವಂಥದೇ. ನಾಳೆ ಕುರಿಗೂ ಇದೇ ಅಳತೆಗೋಲನ್ನು ಬಳಸಿದರೆ ಹಣ ಗರ್ಭಕ್ಕೆ ಸಂದಾಯವಾದೀತು, ಮರಿಗಲ್ಲ. ಇನ್ನು 2021ರಲ್ಲಿ ಹೊಸ ರೂಪ ಪಡೆದ ರಾಷ್ಟ್ರೀಯ ಜಾನುವಾರು ಅಭಿಯಾನದಡಿ ಕುರಿ, ಮೇಕೆ ಸಾಕಣೆ ಘಟಕಗಳಿಗೆ ಶೇ. 50ರ ಬಂಡವಾಳ ಸಹಾಯಧನವಿದ್ದು, 500 ಹೆಣ್ಣು, 25 ಗಂಡು ಪ್ರಾಣಿಗಳ ಘಟಕಕ್ಕೆ 50 ಲಕ್ಷ ರೂಪಾಯಿಯವರೆಗೆ ದೊರೆಯುವ ಅವಕಾಶ ಕಲ್ಪಿಸಲಾಯಿತು. ಯೋಜನೆ ಒಳ್ಳೆಯದೇ. ಆದರೆ ಅದಕ್ಕೆ ಜಮೀನು, ಕೊಟ್ಟಿಗೆ, ಸಾಲ ಮಂಜೂರಾತಿ, ಕಾಗದಪತ್ರ ಎಲ್ಲವೂ ಬೇಕು. ಇಂದು ಒಬ್ಬರ ಹೊಲದಲ್ಲಿ, ನಾಳೆ ಇನ್ನೊಬ್ಬರ ಹೊಲದಲ್ಲಿ ತಂಗುವ ಧನಗರನಿಗೆ ಅಥವಾ ನಮ್ಮ ಅಲೆಮಾರಿ ಕುರುಬನಿಗೆ ಈ ಬಾಗಿಲು ಬಹುಮಟ್ಟಿಗೆ ಮುಚ್ಚಿದ್ದೇ. ದಖ್ಖನಿ ತಳಿಯನ್ನು ಶತಮಾನಗಳಿಂದ ಕಾಪಾಡಿದವನು ಹೊರಗೆ, ನಿನ್ನೆ ಕೊಟ್ಟಿಗೆ ಕಟ್ಟಿದವನು ಒಳಗೆ ಎಂಬ ಸ್ಥಿತಿ ಇದು.

ಅವನಿಗೆ ಇಂದು ಅತ್ಯಗತ್ಯವಾದವು ಬೇರೆ: ಸಕಾಲದಲ್ಲಿ ಲಸಿಕೆ, ಪರೀಕ್ಷಿಸಿದ ಒಳ್ಳೆಯ ಟಗರು, ಮಂದೆಗೆ ವಿಮೆ, ನಡೆಯಲು ದಾರಿ, ಮೇಯಲು ಗೋಮಾಳ. ರಾಂಜಣಗಾಂವದಂಥ ಕೈಗಾರಿಕಾ ವಸಾಹತುಗಳು ಬೆಳೆದಂತೆ ಬೇಲಿಗಳು ಹೆಚ್ಚಿ ಮೇಯುವ ನೆಲ ಕಿರಿದಾಗುತ್ತಿದೆ. ಹುಲ್ಲಿಲ್ಲದ ಕಡೆ ಎಂಥ ಶ್ರೇಷ್ಠ ಭ್ರೂಣವೂ ಬಡಕಲು ಮರಿಯೇ ಆದೀತು.

ವಿಜ್ಞಾನ ಮುಂದೆ ಸಾಗುತ್ತಲೇ ಇರುತ್ತದೆ, ಸಾಗಬೇಕು. ಶ್ರೀನಗರದ ಕೃಷಿ ವಿಶ್ವವಿದ್ಯಾಲಯದಲ್ಲಿ 2012ರಲ್ಲಿ ನೂರಿ ಎಂಬ ತದ್ರೂಪಿ ಪಶ್ಮೀನಾ ಮೇಕೆ ಹುಟ್ಟಿತು. ಅಲ್ಲಿಯೇ ವಂಶವಾಹಿಯನ್ನು ತಿದ್ದಿದ ದೇಶದ ಪ್ರಥಮ ಕುರಿಯ ವಾರ್ತೆ 2025ರಲ್ಲಿ ಪ್ರಕಟವಾಯಿತು. ಇವು ಅಭಿಮಾನ ಪಡತಕ್ಕ ಸಂಗತಿಗಳು. ಆದರೆ ತೆರಿಗೆಯ ಹಣ ಕೊಡುವ ನಾವು ಇಂಥ ಪ್ರತಿಯೊಂದು ವಾರ್ತೆಯನ್ನು ಓದಿದಾಗಲೂ ಕೇಳಬೇಕಾದ ಪ್ರಶ್ನೆಗಳು ಎರಡು. ಆರಂಭಿಸಿದ್ದು ಎಷ್ಟು ತಾಯಿಗಳಿಂದ, ಹಾಲು ಬಿಟ್ಟು ಉಳಿದ ಮರಿಗಳೆಷ್ಟು? ಆ ಮರಿಗಳು ಯಾರ ಮಂದೆಯಲ್ಲಿವೆ? ಉತ್ತರ ತೃಪ್ತಿಕರವಾಗಿದ್ದಲ್ಲಿ ಕುಲಾವಿ ಹೊಲಿಸಲು ಅಡ್ಡಿಯಿಲ್ಲ.